ಅತ್ತೆ ಓದಿದ ರಷ್ಯನ್ ಕಾದಂಬರಿ

ಜೂನ್ ೪, ಮಂಗಳವಾರ

ಆಸ್ಪತ್ರೆಯಿಂದ ಮನೆಗೆ ಬಂದೆ. ಧ್ವನಿತಂತುವಿನ ಮೇಲೆ ಬೆಳೆದಿದ್ದ ಗಂಟನ್ನು ತೆಗೆದಿದ್ದಾರೆ. ಅಪಾಯದ್ದಲ್ಲ ಎಂದು ಪರೀಕ್ಷೆಯಲ್ಲಿ ಗೊತ್ತಾಗಿದೆ, ಅಷ್ಟು ನೆಮ್ಮದಿ. ಆದರೆ ಎರಡು ವಾರ ಒಂದು ಮಾತೂ ಆಡಕೂಡದು. ಪಿಸುಮಾತೂ ಇಲ್ಲ. ಪಿಸುಗುಟ್ಟಿದರೆ ಗಂಟಲಿಗೆ ಇನ್ನೂ ಹೆಚ್ಚು ಕಷ್ಟವಂತೆ. ಅದು ಸಾಲದೆಂಬಂತೆ ಡಾಕ್ಟರಮ್ಮ ನನ್ನ ಕೈಗೆ ಒಂದು ಪತ್ರಿಕೆ ಕೊಟ್ಟು ಓದಲು ಹೇಳಿದರು, ನನ್ನ ಕುತ್ತಿಗೆಯನ್ನೇ ನೋಡುತ್ತ ನಿಂತರು.

"ನೋಡಿ, ಮನಸ್ಸಲ್ಲಿ ಓದ್ಕೊಂಡ್ರೂ ನಿಮ್ಮ ಗಂಟಲು ಆಡ್ತಿದೆ. ಪಾಠ ಮಾಡ್ತಾನೇ ಇದೀರಿ ನೀವು. ಓದೂ ಬೇಡ."

"ಬರೀಬಹುದಾ?" ಎಂದು ಸ್ಲೇಟಿನ ಮೇಲೆ ಬರೆದು ತೋರಿಸಿದೆ.

"ಬರೀರಿ. ತುಟಿ ಅಲ್ಲಾಡಿಸ್ಬೇಡಿ."

ಹಾಗಾಗಿ ಈ ನೋಟುಪುಸ್ತಕ. ಇಪ್ಪತ್ತಾರು ವರ್ಷ ಕಾಲೇಜಿನಲ್ಲಿ ಪರದೇಶದ ಸಾಹಿತ್ಯ ಪಾಠ ಮಾಡಿದವನು ನಾನು. ಹತ್ತೊಂಬತ್ತನೆಯ ಶತಮಾನದ ರಷ್ಯನ್ನರು, ಫ್ರೆಂಚರು, ಇಂಗ್ಲಿಷರು, ಅಮೆರಿಕನ್ನರು, ಇಷ್ಟು ಜನರ ಪರವಾಗಿ ಒಬ್ಬನೇ ಮಾತಾಡಿಕೊಂಡು ಬಂದಿದ್ದೇನೆ. ಈಗ ಅವರೂ ಮೂಕರು, ನಾನೂ ಮೂಕ.

ಹೆಂಡತಿಗೆ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಬೆಳಿಗ್ಗೆ ಎಂಟಕ್ಕೆ ಹೋದರೆ ಬರುವುದು ಸಂಜೆ ಆರಕ್ಕೆ. ನನ್ನನ್ನು ಒಬ್ಬನೇ ಬಿಟ್ಟರೆ ಫೋನು ಎತ್ತಿ ಮಾತಾಡಿಬಿಡುತ್ತೇನೆಂದು ಅವಳಿಗೆ ಭಯ. ನಾಳೆಯಿಂದ ಅವಳ ಅಮ್ಮ ಬಂದು ಇರುತ್ತಾರಂತೆ. ಬೇಡ ಎನ್ನಲು ಬಾಯಿ ತೆರೆದೆ. ಅವಳು ತನ್ನ ತುಟಿಯ ಮೇಲೆ ಬೆರಳಿಟ್ಟಳು.

ಜೂನ್ ೫, ಬುಧವಾರ

ಅತ್ತೆ ಬಂದರು. ಎಪ್ಪತ್ತನಾಲ್ಕು ವಯಸ್ಸು, ಸಣ್ಣ ಆಳು, ಕೈಯಲ್ಲಿ ಒಂದೇ ಒಂದು ಚೀಲ. ಮೂವತ್ತೆಂಟು ವರ್ಷ ಒಂದು ದರ್ಜಿ ಅಂಗಡಿಯಲ್ಲಿ ಕೋಟು ಹೊಲಿದವರು. ಒಳ್ಳೆಯ ಹೆಂಗಸು, ಮಾತು ಕಡಿಮೆ. ಮದುವೆಯಾದಾಗಿನಿಂದಲೂ ನಾನು ಮಾತಾಡುವಾಗ ತಲೆದೂಗುತ್ತ ಕೂರುವುದು ಅವರ ಪದ್ಧತಿ. ಸಾಹಿತ್ಯದ ಬಗ್ಗೆ ಗೌರವ ಇದೆ ಎಂದುಕೊಂಡಿದ್ದೇನೆ.

ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ತನ್ನ ಲ್ಯಾಬಿನ ಯಾವುದೋ ಯಂತ್ರ ಕೆಟ್ಟ ಕಥೆಯನ್ನು ಆದಿಯಿಂದ ಅಂತ್ಯದವರೆಗೆ ಹೇಳಿದಳು. ಹೇಳಿ ಮುಗಿಸಿ, ತಾನೇ ಬೆರಗಾದವಳಂತೆ, "ಇಪ್ಪತ್ತನಾಲ್ಕು ವರ್ಷದಲ್ಲಿ ಇದೇ ಮೊದಲ ಸಲ ನಾನು ಶುರು ಮಾಡಿದ್ದನ್ನ ನಾನೇ ಮುಗಿಸಿದ್ದು" ಎಂದಳು. ತಾಯಿ ಮಗಳು ನಕ್ಕರು. ನನಗೆ ನಗು ಬರಲಿಲ್ಲ. ನಗಲೂ ಕೂಡದಂತೆ.

ಜೂನ್ ೭, ಶುಕ್ರವಾರ

ನಾಲ್ಕನೆಯ ದಿನಕ್ಕೇ ತಲೆ ಕೆಟ್ಟಿದೆ. ಮಾತಿಲ್ಲ, ಓದಿಲ್ಲ. ನನ್ನ ಕೋಣೆಯ ಗೋಡೆಯ ಮೇಲೆ ಹತ್ತೊಂಬತ್ತನೆಯ ಶತಮಾನದ ಲೇಖಕರ ಐದು ಚಿತ್ರಗಳಿಗೆ ಚೌಕಟ್ಟು ಹಾಕಿಸಿ ತೂಗುಹಾಕಿದ್ದೇನೆ. ಅತ್ತೆ ಧೂಳು ಒರೆಸುತ್ತ ಒಂದೊಂದನ್ನೂ ಹತ್ತಿರದಿಂದ ನೋಡಿದರು. ಅವರ ಕಣ್ಣು ಮುಖದ ಮೇಲಿರಲಿಲ್ಲ, ಕೋಟಿನ ಮೇಲಿತ್ತು.

"ಇವರ ತೋಳು ಸರಿಯಾಗಿ ಕೂತಿಲ್ಲ. ಬೇರೆಯವರ ಕೋಟು ಇಸ್ಕೊಂಡು ಫೋಟೋ ತೆಗೆಸ್ಕೊಂಡಿದಾರೆ" ಎಂದರು.

ಅದು ನಾನು ದೇವರೆಂದು ಭಾವಿಸುವ ರಷ್ಯನ್ ಲೇಖಕ! ಸ್ಲೇಟು ಹುಡುಕಿದೆ, ಬಳಪ ಸಿಗಲಿಲ್ಲ. ಸಿಗುವಷ್ಟರಲ್ಲಿ ಅವರು ಅಡುಗೆಮನೆಗೆ ಹೋಗಿ ಆಗಿತ್ತು.

ಮಧ್ಯಾಹ್ನ ನಾನು ಪುಸ್ತಕದ ಕಪಾಟಿನ ಮುಂದೆ ಸುಮ್ಮನೆ ನಿಂತಿದ್ದನ್ನು ನೋಡಿ ಹತ್ತಿರ ಬಂದರು.

"ನಾನು ಓದ್ಲಾ ಅಳಿಯಂದಿರೇ? ಎಂಟನೇ ಕ್ಲಾಸು ಓದಿದೀನಿ. ಕಷ್ಟದ ಪದ ಬಂದ್ರೆ ಹಾರಿಸ್ತೀನಿ."

ಹಾರಿಸುತ್ತಾರಂತೆ! ಆದರೂ ಬೇರೆ ದಾರಿಯಿಲ್ಲ. ನಮ್ಮ ಭಾಷೆಗೆ ಅನುವಾದವಾದ ಒಂದು ಫ್ರೆಂಚ್ ಕಾದಂಬರಿಯನ್ನು ತೆಗೆದುಕೊಟ್ಟೆ.

ಜೂನ್ ೧೦, ಸೋಮವಾರ

ಮೂರು ದಿನದಲ್ಲಿ ಮೂವರು ಲೇಖಕರನ್ನು ಅತ್ತೆ ಮುಗಿಸಿದ್ದಾರೆ. ಪುಸ್ತಕ ಮುಗಿಸಿಲ್ಲ, ಲೇಖಕರನ್ನು ಮುಗಿಸಿದ್ದಾರೆ.

ಫ್ರೆಂಚಿನವನು: "ಒಂದು ಕುರ್ಚಿ ಹೇಗಿತ್ತು ಅನ್ನೋಕೆ ಎರಡು ಪುಟ. ಅಷ್ಟರಲ್ಲಿ ಅದರ ಮೇಲೆ ಕೂತಿದ್ದೋರು ಎದ್ದು ಹೋಗಿರ್ತಾರೆ."

ಅಮೆರಿಕದವನು: "ಕಾಡು, ಸಮುದ್ರ, ಕುದುರೆ. ಒಬ್ಬರಾದರೂ ಮನೇಲಿ ಕೂರಲ್ವಲ್ಲ?"

ಇಂಗ್ಲಿಷಿನಿಂದ ಅನುವಾದವಾದ ಪುಸ್ತಕ ಇಂದು ಬೆಳಿಗ್ಗೆ ಹಿಡಿದರು. ಮೂವತ್ತನೆಯ ಪುಟಕ್ಕೆ ಬಂದು ನಿಲ್ಲಿಸಿ, ಕನ್ನಡಕ ಹಣೆಗೇರಿಸಿ, "ಇದರ ಮೇಲೆ ಗಂಡಸಿನ ಹೆಸರು ಹಾಕಿದಾರೆ. ಆದ್ರೆ ಇದು ಹೆಂಗಸು ಬರೆದಿರೋದು" ಎಂದರು.

ಹೇಗೆ ಗೊತ್ತಾಯಿತೆಂದು ಕೈಸನ್ನೆ ಮಾಡಿದೆ.

"ಮನೆಗೆ ನೆಂಟರು ಬಂದಾಗ ಇವಳು ಮೊದಲು ಯೋಚ್ನೆ ಮಾಡೋದು ಹಾಸಿಗೆಗೆ ಒಗೆದ ಹೊದಿಕೆ ಇದೆಯಾ ಅಂತ. ಗಂಡಸು ಬರೆದಿದ್ರೆ ನೆಂಟರು ಬರ್ತಿದ್ರು, ಮಲಗ್ತಿದ್ರು. ಅಷ್ಟೇ."

ಸರಿಯಾಗಿಯೇ ಹೇಳಿದರು. ಆ ಕಾಲದಲ್ಲಿ ಎಷ್ಟೋ ಹೆಂಗಸರು ಗಂಡಸರ ಹೆಸರಿಟ್ಟುಕೊಂಡು ಬರೆದರು ಎಂದು ಸ್ಲೇಟಿನಲ್ಲಿ ಬರೆದು ತೋರಿಸಿದೆ. "ಪಾಪ" ಎಂದರು. ನಾನು ಇದೇ ವಿಷಯದ ಮೇಲೆ ಮೂರು ಗಂಟೆ ಪಾಠ ಮಾಡುತ್ತೇನೆ. ಆ ಒಂದು ಪದ ಎಲ್ಲಿಯೂ ಬರುವುದಿಲ್ಲ. ಬರಬೇಕಾಗಿಯೂ ಇಲ್ಲ, ಅದು ವಿಮರ್ಶೆಯ ಭಾಷೆಯಲ್ಲ.

ಜೂನ್ ೧೩, ಗುರುವಾರ

ರಷ್ಯನ್ ಕಾದಂಬರಿ ಶುರುವಾಗಿದೆ. ಎಂದಿನಂತೆ ಈ ವರ್ಷವೂ ತರಗತಿಗೆ ಇದೇ ಪಠ್ಯ. ಚಿಕ್ಕ ಪಟ್ಟಣದ ನ್ಯಾಯಾಧೀಶನೊಬ್ಬ ಎಂದೋ ತಾನು ಕೊಟ್ಟ ಒಂದು ತೀರ್ಪು ತಪ್ಪೆಂದು ವಯಸ್ಸಾದ ಮೇಲೆ ಕೊರಗುವ ಕಥೆ. ನಾನು ಇದಕ್ಕೆ "ಅಂತಸ್ಸಾಕ್ಷಿಯ ಬಿಕ್ಕಟ್ಟು" ಎಂದು ಹೆಸರಿಟ್ಟು ಇಪ್ಪತ್ತಾರು ವರ್ಷ ಪಾಠ ಮಾಡಿದ್ದೇನೆ. ಟಿಪ್ಪಣಿಯ ಹಾಳೆಗಳು ಹಳದಿಯಾಗಿವೆ.

ಅತ್ತೆಗೆ ರಷ್ಯನ್ ಹೆಸರುಗಳ ಮೇಲೆ ಸಿಟ್ಟು. "ಒಬ್ಬೊಬ್ಬನಿಗೆ ಮೂರು ಮೂರು ಹೆಸರು. ಬಾಗಿಲಿಂದ ಒಳಗೆ ಬರೋವಾಗ ಒಂದು, ಟೀ ಕುಡಿಯೋವಾಗ ಇನ್ನೊಂದು." ಹಾಗಾಗಿ ತಮ್ಮದೇ ಹೆಸರಿಟ್ಟಿದ್ದಾರೆ. ನ್ಯಾಯಾಧೀಶ ಈಗ ಜಡ್ಜಣ್ಣ. ಮದುವೆಯಿಲ್ಲದೆ ಮೂವತ್ತು ವರ್ಷ ಅವನ ಮನೆ ನೋಡಿಕೊಂಡಿರುವವಳು ತಂಗಿ. ಭೂಮಿ ಅಳೆಯಲು ಬಂದು ಅದೇ ಬೀದಿಯಲ್ಲಿ ಕೋಣೆ ಹಿಡಿದಿರುವ ಸರ್ವೇಯರು ಅಳತೆಯವನು. ಯುರೋಪಿನ ಒಂದು ಮಹಾಕೃತಿಯಲ್ಲಿ ಜಡ್ಜಣ್ಣ!

ಪ್ರತಿ ಅಧ್ಯಾಯದ ಕೊನೆಗೂ ಯಾರೋ ಬಾಗಿಲು ಬಡಿಯುವುದೇಕೆ ಎಂದು ಕೇಳಿದರು. ಆಗ ಕಾದಂಬರಿಗಳು ಮಾಸಪತ್ರಿಕೆಯಲ್ಲಿ ಕಂತು ಕಂತಾಗಿ ಬರುತ್ತಿದ್ದವು, ಓದುಗರು ಒಂದು ತಿಂಗಳು ಕಾಯಬೇಕಿತ್ತು ಎಂದು ಬರೆದು ತಿಳಿಸಿದೆ. ಅತ್ತೆಗೆ ಇದು ಬಹಳ ಹಿಡಿಸಿತು. "ಜಾಣ ಕಣ್ರೀ" ಎಂದರು. ನಾನು ಮೆಚ್ಚುವ ಮನುಷ್ಯನ ಬಗ್ಗೆ ಅವರು ಹೇಳಿದ ಮೊದಲ ಒಳ್ಳೆಯ ಮಾತು.

ಜೂನ್ ೧೭, ಸೋಮವಾರ

ಡಾಕ್ಟರಮ್ಮ ಗಂಟಲಿಗೆ ಸಣ್ಣ ನಳಿಗೆ ಇಳಿಸಿ ನೋಡಿದರು. ಊತ ಇಳಿದಿಲ್ಲ. ಇನ್ನೂ ಮೂರು ವಾರ. ಈಗ ಮಾತಾಡಿದರೆ ಅಲ್ಲಿ ಗಾಯದ ಕಲೆ ಗಟ್ಟಿಯಾಗಿ ಧ್ವನಿ ಶಾಶ್ವತವಾಗಿ ಒಡೆದುಹೋಗಬಹುದಂತೆ.

ಜೂನ್ ೧೮, ಮಂಗಳವಾರ

ಬರೆಯುವುದಕ್ಕೆ ಏನೂ ಇಲ್ಲ.

ಜೂನ್ ೨೦, ಗುರುವಾರ

ಪ್ರಿನ್ಸಿಪಾಲರು ಹೆಂಡತಿಗೆ ಫೋನು ಮಾಡಿದ್ದರು. ನನ್ನ ಪಾಠಕ್ಕೆ ಹೆಸರು ಕೊಟ್ಟವರು ಹನ್ನೊಂದೇ ಜನ. ಸೋಮವಾರ ತರಗತಿ ಶುರುವಾಗದಿದ್ದರೆ ಅವರನ್ನು ಬೇರೆ ವಿಷಯಕ್ಕೆ ಹಾಕಿ ನನ್ನ ವಿಷಯವನ್ನೇ ಕೈಬಿಡುತ್ತಾರಂತೆ. ಒಮ್ಮೆ ಬಿಟ್ಟರೆ ಮತ್ತೆ ಬರುವುದಿಲ್ಲ, ಅದು ನನಗೂ ಗೊತ್ತು, ಅವರಿಗೂ ಗೊತ್ತು. ಬದಲಿಗೆ ಪಾಠ ಮಾಡುವವರು ಯಾರೂ ಇಲ್ಲ.

ಇಡೀ ದಿನ ಕಿಟಕಿಯ ಹತ್ತಿರ ಕೂತಿದ್ದೆ. ಅತ್ತೆ ಓದಲು ಬಂದರೆ ಬೇಡವೆಂದು ಕೈಯಾಡಿಸಿದೆ.

ಸಂಜೆ ಹೆಂಡತಿ ಹೇಳಿದಳು, "ನೀವು ಹೋಗಿ ಬೋರ್ಡ್ ಮೇಲೆ ಬರೀರಿ. ಓದೋಕೆ ಯಾರಾದರೂ ಇದ್ದರೆ ಸಾಕಲ್ವಾ?"

ಅತ್ತೆ ಸೂಜಿಗೆ ದಾರ ಪೋಣಿಸುತ್ತಿದ್ದರು. ತಲೆಯೆತ್ತದೆ ಅಂದರು, "ಓದೋದಷ್ಟೇ ತಾನೇ? ಓದ್ತೀನಿ. ಹೇಗೂ ಜಡ್ಜಣ್ಣನ್ನ ಅರ್ಧಕ್ಕೆ ಬಿಟ್ಟಿದೀವಿ."

ಆಗುವುದಿಲ್ಲ ಎಂದು ಸ್ಲೇಟು ತುಂಬ ದೊಡ್ಡದಾಗಿ ಬರೆದೆ. ಇಬ್ಬರೂ ನೋಡಲಿಲ್ಲ.

ಜೂನ್ ೨೪, ಸೋಮವಾರ

ಆಯಿತು. ಹೇಗೋ ಆಯಿತು. ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತೇನೆ.

ಪ್ರಿನ್ಸಿಪಾಲರು ಅತ್ತೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಹಾಜರಿ ಪುಸ್ತಕದಲ್ಲಿ "ಅತಿಥಿ ಓದುಗರು" ಎಂದು ಬರೆದುಕೊಂಡು, "ಏನು ಓದಿದೀರಿ ತಾಯಿ?" ಎಂದು ಕೇಳಿದರು.

"ಎಂಟನೇ ಕ್ಲಾಸು. ಈಗ ಹತ್ತನೇ ಅಧ್ಯಾಯ" ಎಂದರು ಅತ್ತೆ.

ಹನ್ನೊಂದು ಜನ, ಎಂದಿನಂತೆ ಹಿಂದಿನ ಬೆಂಚುಗಳಲ್ಲಿ. ಮೊದಲ ಒಂಬತ್ತು ಅಧ್ಯಾಯ ಓದಿಕೊಂಡು ಬರುವಂತೆ ಮೊದಲೇ ಚೀಟಿ ಬರೆದು ಕಳಿಸಿದ್ದೆ. ನಾನು ಬೋರ್ಡಿನ ಮೇಲೆ ಕೃತಿಯ ಹಿನ್ನೆಲೆ ಬರೆದೆ. ಬರೆದು ಮುಗಿಸಲು ಹದಿನೈದು ನಿಮಿಷ ಹಿಡಿಯಿತು, ಯಾರೂ ಕೆಮ್ಮಲೂ ಇಲ್ಲ. ನಂತರ ಅತ್ತೆ ಕುರ್ಚಿಯಲ್ಲಿ ಕೂತು, ಕಾಲು ನೆಲಕ್ಕೆ ಸರಿಯಾಗಿ ಎಟುಕದೆ ಒಂದು ಕಾಲನ್ನು ಕುರ್ಚಿಯ ಕೆಳಗಿನ ಪಟ್ಟಿಗೆ ಊರಿಕೊಂಡು ಓದತೊಡಗಿದರು. ಅಳತೆಯವನು ತಂಗಿಯನ್ನು ಮದುವೆಗೆ ಕೇಳುವ ಅಧ್ಯಾಯ. ತಂಗಿಗೆ ನಲವತ್ತೆರಡು. ಅವಳು ಉತ್ತರ ಕೊಡುವ ಮೊದಲೇ ಬಾಗಿಲು ಬಡಿದ ಸದ್ದಾಗಿ ಅಧ್ಯಾಯ ಮುಗಿಯುತ್ತದೆ.

ನಾನು ಬೋರ್ಡಿನಲ್ಲಿ "ನ್ಯಾಯಾಧೀಶನ ಮನಸ್ಥಿತಿಯನ್ನು ಚರ್ಚಿಸಿ" ಎಂದು ಬರೆದೆ. ಮೌನ. ಈ ಮೌನ ನನಗೆ ಹೊಸದಲ್ಲ. ಇಪ್ಪತ್ತಾರು ವರ್ಷವೂ ಹತ್ತು ಸೆಕೆಂಡು ಕಾದು, ಉತ್ತರವನ್ನು ನಾನೇ ಹೇಳಿಬಿಡುತ್ತಿದ್ದೆ. ಇಂದು ಹೇಳಲು ಬಾಯಿಯಿಲ್ಲ.

ಅತ್ತೆಗೆ ತಡೆಯಲಾಗಲಿಲ್ಲ. "ಯಾಕ್ರಪ್ಪ ಎಲ್ಲ ಹೀಗೆ ಮುಖ ಮುಖ ನೋಡ್ತಿದೀರಿ? ಆ ತಂಗಿ ಹೋಗ್ತಾಳೋ ಇಲ್ವೋ? ಹೇಳಿ ನೋಡಣ."

ಅವರಲ್ಲಿ ಎಲ್ಲರಿಗಿಂತ ಮುಂದೆ ಕೂತಿದ್ದ ಉದ್ದನೆಯ ಹುಡುಗ ಮೆಲ್ಲಗೆ, "ಹೋಗಲ್ಲ ಅಜ್ಜಿ" ಎಂದ.

"ಯಾಕೆ ಹೋಗಲ್ಲ?" ಎಂದು ಅವನ ಹಿಂದಿನವಳು ಬಾಯಿ ಹಾಕಿದಳು. ಅಷ್ಟೇ. ಆಮೇಲೆ ಯಾರು ಯಾರಿಗೆ ಹೇಳಿದರೆಂದು ಬರೆಯಲು ನನ್ನಿಂದ ಆಗದು. ತಂಗಿ ಹೋಗಬೇಕು, ಹೋಗಬಾರದು, ಅಳತೆಯವನು ನಂಬಿಕಸ್ತನೇ ಅಲ್ಲ. ಕಾದಂಬರಿಯ ಕೇಂದ್ರ ನ್ಯಾಯಾಧೀಶ, ತಂಗಿಯಲ್ಲ ಎಂದು ಸೀಮೆಸುಣ್ಣ ಮುರಿಯುವಷ್ಟು ಒತ್ತಿ ಬೋರ್ಡಿನ ಮೇಲೆ ಬರೆದೆ. ಒಬ್ಬರೂ ನೋಡಲಿಲ್ಲ.

ಆಗ ಅತ್ತೆ ಹೇಳಿದರು, "ಹೋಗ್ತಾಳೆ ಅಂತ ಬರೆದವನು ಆಗಲೇ ಹೇಳಿಬಿಟ್ಟಿದಾನಲ್ಲ. ಆ ನೀಲಿ ಗೌನು ನೆನಪಿದೆಯಾ? ಮೊದಲಲ್ಲಿ ಅವಳು ಅದನ್ನ ಹಾಗೇ ತೊಟ್ಕೊಂಡಿದ್ದಳು, ಬಣ್ಣ ಹೋಗಿತ್ತು. ಅಳತೆಯವನು ಬೀದಿಗೆ ಬಂದ ವಾರ ಹೊಲಿಗೆ ಬಿಚ್ಚಿದಳು. ಈಗ ತಿರುವಿ ಹೊಲಿದು, ಒಳಮೈ ಹೊರಗೆ ಮಾಡಿ, ಕಾಲರಿಗೆ ಹೊಸ ಪಟ್ಟಿ ಕೊಟ್ಟಿದಾಳೆ. ಮನೇಲೇ ಇರೋಳು ಕಾಲರಿಗೆ ಹೊಸ ಪಟ್ಟಿ ಕೊಡಲ್ಲ. ಜಡ್ಜಣ್ಣ ಒಂದೇ ಮೇಜಲ್ಲಿ ಎದುರಿಗೆ ಕೂತ್ಕೊಂಡಿದಾನೆ, ಅವನ ಕಣ್ಣಿಗೆ ಬಿದ್ದಿಲ್ಲ."

ಹನ್ನೊಂದು ಜನವೂ ಪುಟ ಹಿಂದಕ್ಕೆ ತಿರುವತೊಡಗಿದರು.

ಮನೆಗೆ ಬಂದವನೇ ಪುಸ್ತಕ ತೆಗೆದೆ. ಗಂಟಲು ಆಡದಂತೆ ಕೈಯಲ್ಲಿ ಕುತ್ತಿಗೆ ಹಿಡಿದುಕೊಂಡು ಹುಡುಕಿದೆ. ಎರಡನೆಯ ಅಧ್ಯಾಯದಲ್ಲಿ ಅರ್ಧ ವಾಕ್ಯ. ಆರರಲ್ಲಿ ಒಂದು ವಾಕ್ಯ. ಹತ್ತರಲ್ಲಿ ಮತ್ತೊಂದು. ಮೂರೂ ಕಡೆ ಅದೇ ನೀಲಿ ಗೌನು. ನನ್ನ ಪ್ರತಿಯಲ್ಲಿ ಆ ಪುಟಗಳ ಅಂಚಿನ ತುಂಬ ನನ್ನದೇ ಕೈಬರಹ, ಅಂತಸ್ಸಾಕ್ಷಿ, ಅಪರಾಧಪ್ರಜ್ಞೆ, ಇನ್ನೇನೇನೋ. ಆ ಮೂರು ವಾಕ್ಯಗಳ ಪಕ್ಕದಲ್ಲಿ ಏನೂ ಇಲ್ಲ.

ನಾಚಿಕೆಯಾಗಬೇಕಿತ್ತು. ಆದರೆ ಯಾಕೋ, ಹಳೆಯ ಕೋಟಿನ ಜೇಬಿನಲ್ಲಿ ಕಳೆದುಹೋದದ್ದು ಸಿಕ್ಕವನಂತೆ ಖುಷಿಯಾಗಿದೆ.

ಜೂನ್ ೨೮, ಶುಕ್ರವಾರ

ಈ ವಾರ ನಾಲ್ಕು ತರಗತಿಗಳಾದವು. ಬೆಂಚುಗಳನ್ನು ಯಾರೋ ಸುತ್ತಲೂ ಎಳೆದಿಟ್ಟಿದ್ದಾರೆ. ಬೇರೆ ವಿಭಾಗದ ನಾಲ್ಕು ಜನ ಬಾಗಿಲಲ್ಲಿ ನಿಂತು ಕೇಳಿದರು, ಕೊನೆಗೆ ಒಳಗೇ ಬಂದು ಕೂತರು. ಪ್ರಿನ್ಸಿಪಾಲರು ನನ್ನ ವಿಷಯ ಮುಂದುವರಿಯುತ್ತದೆ ಎಂದು ಚೀಟಿ ಕಳಿಸಿದ್ದಾರೆ. ಅದನ್ನು ಮೊದಲು ಬರೆಯಬೇಕಿತ್ತು, ಮರೆತಿದ್ದೆ.

ಮೂಲೆಯಲ್ಲಿ ಕೂರುವ ಒಬ್ಬಳಿದ್ದಾಳೆ. ಎರಡು ವರ್ಷದಿಂದ ನನ್ನ ವಿದ್ಯಾರ್ಥಿನಿ, ಅವಳ ಧ್ವನಿ ಹೇಗಿದೆಯೆಂದು ನನಗೆ ತಿಳಿದಿರಲಿಲ್ಲ. ಸ್ವಲ್ಪ ದಪ್ಪ ಧ್ವನಿ, ನಿಧಾನ. ಇಂದು ಎದ್ದು ನಿಂತು ಹೇಳಿದಳು:

"ನ್ಯಾಯಾಧೀಶರು ಇನ್ನೂರು ಪುಟ ಕೂತು ಕೊರಗೋಕೆ ಆಗಿದ್ದೇ ಅವರ ತಟ್ಟೆ ಬೇರೆ ಯಾರೋ ತೊಳೀತಿದ್ದಕ್ಕೆ ಅಲ್ವಾ ಸರ್? ಬರೆದೋರಿಗೆ ಅದು ಗೊತ್ತಿತ್ತು ಅನ್ಸುತ್ತೆ. ಅದಕ್ಕೇ ಪ್ರತಿ ಸಲ ಅವರು ಕೊರಗೋವಾಗಲೂ ಪಕ್ಕದ ಕೋಣೇಲಿ ಪಾತ್ರೆ ಸದ್ದು ಬರುತ್ತೆ."

ಪಾತ್ರೆಯ ಸದ್ದು! ಅವಳ ಮಾತನ್ನು ಬೋರ್ಡಿನ ಮೇಲೆ ಹಾಗೆಯೇ ಬರೆದೆ, ಕೆಳಗೆ ಅವಳ ಹೆಸರೂ ಹಾಕಿದೆ. ಅವಳು ತಲೆ ತಗ್ಗಿಸಿ ನಗುತ್ತಿದ್ದಳು.

ಮನೆಗೆ ನಡೆದು ಬರುವಾಗ ಅತ್ತೆಯ ಚೀಲ ನಾನು ಹಿಡಿದುಕೊಂಡೆ. ಔಷಧಿಯ ಅಂಗಡಿಯ ಮುಂದೆ ನಿಂತು ಅವರು ನನ್ನ ಅಂಗಿಯ ತೋಳು ಎಳೆದು ನೋಡಿ, "ಇದನ್ನ ಹೊಲಿದವನಿಗೆ ನಿಮ್ಮ ಮೇಲೆ ಏನೋ ಸಿಟ್ಟಿತ್ತು" ಎಂದರು. ನಗು ತಡೆಯಲು ಬಹಳ ಕಷ್ಟಪಟ್ಟೆ.

ಒಂದು ವಿಷಯ ಕೇಳಿಯೇಬಿಟ್ಟೆ, ಸ್ಲೇಟಿನಲ್ಲಿ. ಇಷ್ಟು ವರ್ಷ ನಾನು ಮಾತಾಡುವಾಗ ತಲೆದೂಗುತ್ತಿದ್ದಿರಲ್ಲ, ಏನು ಯೋಚಿಸುತ್ತಿದ್ದಿರಿ?

ಅತ್ತೆ ಸ್ವಲ್ಪ ಸಂಕೋಚಪಟ್ಟರು. "ಮನಸ್ಸಲ್ಲೇ ಬಟ್ಟೆ ಕತ್ತರಿಸ್ತಿದ್ದೆ. ನಿಮ್ಮ ಒಂದು ಮಾತು ಮುಗಿಯೋಷ್ಟರಲ್ಲಿ ಎರಡು ತೋಳು, ಒಂದು ಬೆನ್ನು ಆಗ್ತಿತ್ತು."

ಜುಲೈ ೩, ಬುಧವಾರ

ಇಂದು ತರಗತಿ ಇರಲಿಲ್ಲ. ಹೊರಗೆ ಒಳ್ಳೆಯ ಬಿಸಿಲು. ಅತ್ತೆ ಮಧ್ಯಾಹ್ನ ತಮಗಾಗಿಯೇ ಮುಂದಿನ ಅಧ್ಯಾಯ ಓದುತ್ತಿದ್ದರು, ನಾನು ಎದುರು ಕೂತಿದ್ದೆ. ಅಳತೆಯವನ ಕೆಲಸ ಮುಗಿದಿದೆ, ಅವನು ಬೇರೆ ಜಿಲ್ಲೆಗೆ ಹೊರಡಬೇಕು, ತಂಗಿ ಇನ್ನೂ ಉತ್ತರ ಹೇಳಿಲ್ಲ. ಅತ್ತೆ ಓದುವುದನ್ನು ನಿಲ್ಲಿಸಿದರು. ಪುಟದ ಮೇಲೆ ಬೆರಳಿತ್ತು.

"ನಮ್ಮ ಅಂಗಡೀಲಿ ಒಬ್ಬರು ಕಟಿಂಗ್ ಮಾಸ್ಟರ್ ಇದ್ದರು" ಎಂದರು. "ನಮ್ಮ ಯಜಮಾನರು ತೀರಿಹೋಗಿ ಮೂರು ವರ್ಷ ಆಗಿತ್ತು. ನನಗೆ ನಲವತ್ತು. ಒಂದಿನ ಕತ್ತರಿ ಕೆಳಗಿಟ್ಟು ಕೇಳಿದರು. ತುಂಬ ಮರ್ಯಾದೆಯಿಂದ ಕೇಳಿದರು. ಮಗಳು ಆಗ ಹತ್ತನೇ ಕ್ಲಾಸು. ನಾನು ಇಲ್ಲ ಅಂದೆ. ಅವರು ಸರಿ ಅಂತ ಮತ್ತೆ ಕತ್ತರಿ ಎತ್ಕೊಂಡರು. ಅವತ್ತು ಅವರು ಕತ್ತರಿಸಿದ್ದು ಒಂದು ಕೋಟು, ಒಂದು ನೂಲೂ ಹೆಚ್ಚು ಕಡಿಮೆ ಇರಲಿಲ್ಲ. ನಾನೇ ಹೊಲಿದೆ ಅದನ್ನ."

ಇಂಥ ಸಂದರ್ಭಕ್ಕೆ ನನ್ನಲ್ಲಿ ಉಲ್ಲೇಖಗಳಿಗೆ ಬರವಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಇದರ ಬಗ್ಗೆ ಬರೆಯದವರೇ ಕಡಿಮೆ. ಸ್ಲೇಟು ಪಕ್ಕದಲ್ಲೇ ಇತ್ತು. ಕೈ ಅದರ ಕಡೆಗೆ ಹೋಗಲಿಲ್ಲ. ಎದ್ದು ಹೋಗಿ ಒಂದು ಲೋಟ ನೀರು ತಂದು ಅವರ ಹತ್ತಿರ ಇಟ್ಟೆ, ನನ್ನ ಕುರ್ಚಿಯನ್ನು ಸ್ವಲ್ಪ ಹತ್ತಿರಕ್ಕೆ ಎಳೆದುಕೊಂಡೆ.

"ಮಗಳಿಗೂ ಹೇಳಿಲ್ಲ ಇದನ್ನ" ಎಂದರು ನೀರು ಕುಡಿದು. "ಬೇಜಾರೇನಿಲ್ಲ. ಚೆನ್ನಾಗೇ ಇದ್ದೆ, ಚೆನ್ನಾಗೇ ಇದೀನಿ. ಕೇಳೋಕೆ ಯಾರೂ ಸುಮ್ನೆ ಕೂತಿರಲಿಲ್ಲ ಅಷ್ಟೇ. ಸರಿ, ಎಲ್ಲಿದ್ವಿ?"

ಇದನ್ನು ಇಲ್ಲಿ ಬರೆಯಬಾರದಿತ್ತೇನೋ. ಈ ನೋಟುಪುಸ್ತಕವನ್ನು ಇನ್ನು ಮೇಲೆ ಬೀಗ ಹಾಕಿದ ಖಾನೆಯಲ್ಲಿಡುತ್ತೇನೆ.

ಜುಲೈ ೮, ಸೋಮವಾರ

ಗಂಟಲು ಗುಣವಾಗಿದೆ. ಡಾಕ್ಟರಮ್ಮ ನಳಿಗೆ ಹೊರತೆಗೆದು, "ಆ ಅನ್ನಿ" ಎಂದರು. ಅಂದೆ. ಸ್ವಲ್ಪ ಒರಟು, ಆದರೆ ನನ್ನದೇ ಧ್ವನಿ. ಈ ವಾರ ದಿನಕ್ಕೆ ಹತ್ತು ನಿಮಿಷ ಮಾತಾಡಬಹುದು, ಆಮೇಲೆ ನಿಧಾನವಾಗಿ ಹೆಚ್ಚಿಸಬಹುದು.

ಬಸ್ಸಿನಲ್ಲಿ ಬರುವಾಗ ಹೆಂಡತಿ, "ಏನಾದ್ರೂ ಹೇಳ್ರೀ, ಐದು ವಾರ ಆಯ್ತು ನಿಮ್ಮ ಧ್ವನಿ ಕೇಳಿ" ಎಂದು ಪೀಡಿಸಿದಳು. ಅವಳ ಲ್ಯಾಬಿನ ಯಂತ್ರ ಏನಾಯಿತೆಂದು ಕೈಸನ್ನೆಯಲ್ಲಿ ಕೇಳಿದೆ. ದಾರಿಯುದ್ದಕ್ಕೂ ಹೇಳಿದಳು. ಆ ಯಂತ್ರವನ್ನು ರಿಪೇರಿ ಮಾಡಲು ಬಂದವನ ಕಥೆ ಬಹಳ ಚೆನ್ನಾಗಿದೆ, ನಾಳೆ ಬರೆದಿಡಬೇಕು.

ಮನೆಯಲ್ಲಿ ಅತ್ತೆ ಚೀಲ ಕಟ್ಟಿಟ್ಟಿದ್ದರು. ಐದು ಗಂಟೆಗೆ ಅವರ ಬಸ್ಸು. ಸುದ್ದಿ ಕೇಳಿ ಮುಖ ಅರಳಿತು.

"ಒಳ್ಳೇದಾಯ್ತು. ಇನ್ನು ನೀವೇ ಇದೀರಲ್ಲ, ಮಕ್ಕಳಿಗೆ ನೀವೇ ಪಾಠ ಮಾಡಿ" ಎಂದು ರಷ್ಯನ್ ಕಾದಂಬರಿಯನ್ನು ನನ್ನ ಮೇಜಿನ ಮೇಲಿಟ್ಟರು. ಕೊನೆಯ ಮೂರು ಅಧ್ಯಾಯ ಉಳಿದಿದ್ದವು. ಇಷ್ಟು ದಿನ ಓದಿದ್ದಕ್ಕೆ ಗುರುತಾಗಿ ನೀಲಿ ದಾರದ ತುಂಡೊಂದು ಪುಟಗಳ ನಡುವೆ ಇಳಿಬಿದ್ದಿತ್ತು. ತಂಗಿ ನಿಲ್ದಾಣದ ಬೆಂಚಿನ ಮೇಲೆ ಪೆಟ್ಟಿಗೆಯೊಂದಿಗೆ ಕೂತಿದ್ದಾಳೆ, ಜಡ್ಜಣ್ಣ ಓಡಿಬರುತ್ತಿದ್ದಾನೆ, ಶುಕ್ರವಾರ ಅಲ್ಲಿಗೆ ನಿಲ್ಲಿಸಿದ್ದೆವು. ಮುಂದಿನದು ನನಗೆ ಸಾಲು ಸಾಲಾಗಿ ಬಾಯಿಪಾಠ.

ಅತ್ತೆ ಕನ್ನಡಕವನ್ನು ಅದರ ಡಬ್ಬಿಗೆ ಹಾಕಿಕೊಂಡರು. ಚೀಲದ ಹಿಡಿಗೆ ಕೈ ಹಾಕಿದರು.

"ಆಮೇಲೆ?" ಎಂದೆ.

ಅಷ್ಟು ದಿನದ ಮೇಲೆ ಬಂದ ಮಾತು, ನಡುವೆ ಸ್ವಲ್ಪ ಬಿರುಕು ಬಿಟ್ಟಿತು. ಅತ್ತೆ ತಿರುಗಿ ನೋಡಿದರು. ಹೆಂಡತಿ ಬಾಗಿಲಲ್ಲೇ ನಿಂತಳು.

"ಏನು ಆಮೇಲೆ?"

"ಆಮೇಲೆ ಏನಾಯ್ತು, ಅತ್ತೆ?"

"ಅಯ್ಯೋ, ಇಪ್ಪತ್ತಾರು ವರ್ಷ ಪಾಠ ಮಾಡಿದೀರಿ, ನಿಮಗೆ ಗೊತ್ತಿಲ್ವಾ?"

"ಇಲ್ಲ" ಎಂದೆ.

ಅವರು ಚೀಲವನ್ನು ಗೋಡೆಗೆ ಒರಗಿಸಿ, ಕುರ್ಚಿ ಎಳೆದುಕೊಂಡು ಕೂತು, ಡಬ್ಬಿಯಿಂದ ಕನ್ನಡಕ ತೆಗೆದರು.

"ನಾಳೆ ಬಸ್ಸಿಗೆ ಹೋದರಾಯ್ತು. ಕೇಳಿ ಹಾಗಾದ್ರೆ."